ಜಂತುಹುಳ ಇದ್ದರೆ ಉಬ್ಬಸ ಕಮ್ಮಿಯಾಗುತ್ತಾ?

ಮಳೆಹನಿ: ಮಗನಿಗೆ 7 ವರ್ಷ, ಧೂಳಾದರೆ ಉಬ್ಬಸ. ಆಶಾ ಅಕ್ಕ ಕೊಟ್ಟ ಆಲ್ಬೆಂಡಜೋಲ್ ಅನ್ನೋ ಹುಳದ ಮಾತ್ರೆ ಫ್ರಿಜ್ ಮೇಲೆ ಹಾಗೇ ಇದೆ. ಹುಳ ಇದ್ದರೆ ಅಲರ್ಜಿ ತಗ್ಗುತ್ತದೆ, ಕೊಡಬೇಡ ಅಂತಾರೆ ನಮ್ಮ ಭಾವ. ನಿಜಾನಾ?

ಲ್ಯಾಬ್‌ಹುಡುಗ: ಇಲಿಗಳಲ್ಲಿ ನಿಜ. ಕರುಳಲ್ಲಿ ಸೇರಿದ ಹುಳ ತಾನು ಬದುಕೋಕೆ ರೋಗನಿರೋಧಕ ವ್ಯವಸ್ಥೆಯನ್ನು ಸಮಾಧಾನ ಮಾಡುತ್ತದೆ, ಅದಕ್ಕೆ ಟಿ-ರೆಗ್ ಅನ್ನೋ, ಆ ವ್ಯವಸ್ಥೆಯ ಅಬ್ಬರ ತಡೆಯುವ ಬಿಳಿ ರಕ್ತಕಣಗಳು ಜಾಸ್ತಿಯಾಗಿ ಶ್ವಾಸಕೋಶದ ಅಲರ್ಜಿಯೂ ಇಳಿಯುತ್ತದೆ. ಮನುಷ್ಯರ ಕಥೆ ಬೇರೆ. ಇಂಗ್ಲೆಂಡಿನಲ್ಲಿ ಉಬ್ಬಸದವರಿಗೆ ಬೇಕಂತಲೇ ಕೊಕ್ಕೆಹುಳ ಬಿಟ್ಟು ನೋಡಿದರು, ಹೇಳಿಕೊಳ್ಳುವ ಲಾಭವೇನೂ ಕಾಣಲಿಲ್ಲ.

ಕಾಫಿಗಿಡ: ದುಂಡುಹುಳ ಆದರೆ ಉಲ್ಟಾ! ಅದರ ಮರಿಗಳು ಶ್ವಾಸಕೋಶ ಹಾದು ಗಂಟಲಿಗೆ ಬಂದು, ನಾವು ನುಂಗಿದಾಗ ಮತ್ತೆ ಹೊಟ್ಟೆಗೆ ಇಳಿಯುತ್ತವೆ. ದಾರಿಯಲ್ಲಿ ಕೆಮ್ಮು, ಎದೆಯಲ್ಲಿ ಸುಯ್ ಸುಯ್. ಭಾವನ ಮಾತು ಬಿಡಿ, ಡಾಕ್ಟರನ್ನು ಕೇಳಿ.

ಮಳೆಹನಿ: ಅಯ್ಯೋ, ಗಂಟಲಿಗಾ! ನಾಳೆನೇ ಕೇಳುತ್ತೇನೆ.