'ಫ್ಯುಜಿಟಿವ್ ಎಮಿಷನ್'ಗೆ 'ಸೋರಿಕೆ' ಸಾಕಾ?

ಗೆಳೆಯರೇ, ನಮಸ್ಕಾರ.

ಕೈಗಾರಿಕಾ ಪ್ರದೇಶದ ಪಕ್ಕದ ಊರಿನವರಿಗಾಗಿ ವಾಯುಮಾಲಿನ್ಯದ ಕಾನೂನಿನ ಬಗ್ಗೆ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. 'ಫ್ಯುಜಿಟಿವ್ ಎಮಿಷನ್' ಅನ್ನೋ ಮಾತಿನ ಹತ್ರ ಗಾಡಿ ನಿಂತಿದೆ.

ಕಾರ್ಖಾನೆಯ ವಿಷಗಾಳಿಯೆಲ್ಲ ಚಿಮಣಿಯಿಂದಲೇ ಬರುವುದಿಲ್ಲ. ವಾಲ್ವಿನ ಗ್ಲ್ಯಾಂಡು (ದಂಡದ ಸುತ್ತ ಆವಿ ತಡೆಯುವ ಭಾಗ), ಪೈಪಿನ ಫ್ಲ್ಯಾಂಜು (ಬೋಲ್ಟು ಹಾಕಿ ಜೋಡಿಸಿದ ಜಾಗ), ಪಂಪಿನ ಸೀಲು, ಟ್ಯಾಂಕಿನ ಮುಚ್ಚಳ, ಹೀಗೆ ಹತ್ತಾರು ಕಡೆಯಿಂದ ಬೆಂಜೀನ್‌ನಂಥವುಗಳ ಆವಿ ದಿನವಿಡೀ ಚೂರುಚೂರೇ ಹೊರಬೀಳುತ್ತದೆ. ಇದೇ 'ಫ್ಯುಜಿಟಿವ್ ಎಮಿಷನ್'. ಚಿಮಣಿಯಾದರೆ ಸ್ಯಾಂಪಲ್ ತೆಗೆಯಲೆಂದೇ ತೂತು ಇರುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರು ಮೇಲೆ ಹತ್ತಿ ಅಳೆದು, ಮಿತಿ ಮೀರಿದ್ದರೆ ನೋಟಿಸ್ ಕೊಡಬಹುದು. ಈ ಆವಿಗೆ ಅಂಥ ಒಂದು ಜಾಗವಿಲ್ಲ. ಕಣ್ಣಿಗೂ ಕಾಣದು, ಹಾಗಾಗಿ 'ಹೊಗೆ' ಅನ್ನುವಂತಿಲ್ಲ.

'ಸೋರಿಕೆ' ಬಾಯಿಗೆ ಬೇಗ ಬರುತ್ತದೆ. ಆದರೆ 'ಅನಿಲ ಸೋರಿಕೆ' ಅಂದರೆ ನಮಗೆ 1984ರ ಭೋಪಾಲ್, 2020ರ ವಿಶಾಖಪಟ್ಟಣ. ಅದು ಅವಘಡದ ಮಾತು. ದೂರಿನಲ್ಲಿ ಹಾಗೆ ಬರೆದರೆ ಕಾರ್ಖಾನೆಯವರು 'ನಮ್ಮಲ್ಲಿ ಸೋರಿಕೆಯೇ ಆಗಿಲ್ಲ' ಅಂತ ಒಂದೇ ಸಾಲಲ್ಲಿ ಕೈತೊಳೆದುಕೊಳ್ಳಬಹುದು. ಸಾಲದ್ದಕ್ಕೆ ನಿಯಮದಲ್ಲಿ 'ಲೀಕ್'ಗೆ ಅಂಕಿಯ ಗೆರೆ ಬೇರೆ. ತೈಲ ಶುದ್ಧೀಕರಣ ಘಟಕಗಳಿಗೆ 2008ರಲ್ಲಿ ಬಂದ ನಿಯಮದಂತೆ, ವಾಲ್ವಿನ ಪಕ್ಕ ಉಪಕರಣ ಹಿಡಿದಾಗ ಹೈಡ್ರೋಕಾರ್ಬನ್ (ತೈಲದಂಥವುಗಳ ಆವಿ) 10,000 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 10,000 ಭಾಗ, ದಾಟಿದರೆ ಮಾತ್ರ ಆಗ ಲೀಕ್ ಅನ್ನಿಸಿಕೊಳ್ಳುತ್ತಿತ್ತು. 2009ರಿಂದ ಮಿತಿ ಇನ್ನಷ್ಟು ಬಿಗಿಯಾಯಿತು. ಗೆರೆಯ ಕೆಳಗಿದ್ದರೂ ಆವಿ ಬರುತ್ತಲೇ ಇರುತ್ತೆ, ಅಲ್ವಾ? ಅದಕ್ಕೇನು ಹೆಸರು?

'ಪಲಾಯಿತ ಹೊರಸೂಸುವಿಕೆ' ಅಂತ ಒಬ್ಬರು ಸೂಚಿಸಿದರು. ಬೇಡಪ್ಪಾ. 'ಜಿನುಗು' ನನಗೆ ಜಾಸ್ತಿ ಹಿಡಿಸಿದೆ. ಸ್ವಲ್ಪವೇ, ಆದರೆ ಬಿಡದೆ ಬರುವ ಗುಣ ಅದರಲ್ಲಿದೆ. ತೊಡಕೆಂದರೆ ಜಿನುಗುವುದು ನೀರು, ಬೆವರು. ಆವಿ ಜಿನುಗುತ್ತದೆಯೇ?

ಸದ್ಯಕ್ಕೆ 'ಚಿಮಣಿಯಲ್ಲದ ಕಡೆಯಿಂದ ಹೊರಬೀಳುವ ಆವಿ' ಅಂತ ಬಿಡಿಸಿ ಬರೆದಿದ್ದೇನೆ. ಇದು ಸುಮ್ನೆ ಅಲ್ಲ. 1981ರ ವಾಯು ಕಾಯ್ದೆ ಎಮಿಷನ್ ಅಂದರೇನು ಅಂತ ಹೇಳುವಾಗ ಚಿಮಣಿ, ಕೊಳವೆಗಳ ಜೊತೆಗೆ 'ಬೇರೆ ಯಾವುದೇ ಹೊರದಾರಿ'ಯಿಂದ ಬರುವುದನ್ನೂ ಸೇರಿಸಿದೆ. ನಮ್ಮ ಪದ ಈ ಮಾತಿಗೆ ಹೊಂದಿಕೊಂಡರೆ ದೂರಿಗೆ ಬಲ ಬರುತ್ತದೆ ಅನ್ನೋದು ನನ್ನ ಲೆಕ್ಕ.

ಕೆಮಿಕಲ್ ಪ್ಲಾಂಟಿನಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ ಒಂದು ಕೇಳಬೇಕು. ಫಿಟರ್‌ಗಳು 'ಗ್ಲ್ಯಾಂಡ್ ಲೀಕು', 'ವಾಲ್ವ್ ಪಾಸ್ ಆಗ್ತಿದೆ' ಅಂತಾರೆ. ಎರಡನೆಯದು ಮುಚ್ಚಿದ ವಾಲ್ವು ಪೈಪಿನೊಳಗೇ ಆಚೆಗೆ ಬಿಡುವುದು, ನಮಗೆ ಬೇಕಾದದ್ದಲ್ಲ. ಬರೀ ಘಾಟಿನಿಂದ ಗೊತ್ತಾಗುವ ಈ ಆವಿಗೆ ನಿಮ್ಮ ಕಡೆ ಏನಂತಾರೆ?