30 ಗಂಟೆಗಳ ಕ್ರೆಡಿಟ್ ಮುಗಿಸಿದರೆ ವೈದ್ಯನ ಕಲಿಕೆ ಮುಗಿದಂತೆಯೇ?

ಪ್ರಶ್ನೆ: ಮುಧೋಳ ತಾಲ್ಲೂಕಿನ ಒಬ್ಬ ವೈದ್ಯರಿಂದ

ಹಿರಿಯರಿಗೆ ನಮಸ್ಕಾರ. ನಾನು ಹಳ್ಳಿಯೊಂದರಲ್ಲಿ ಒಬ್ಬನೇ ದವಾಖಾನೆ ನಡೆಸುತ್ತಿದ್ದೇನೆ. ವೈದ್ಯನಾದವನು ಐದು ವರ್ಷಕ್ಕೆ ಕನಿಷ್ಠ 30 ಗಂಟೆಯಾದರೂ ಸಿಎಂಇ (ವೈದ್ಯರ ನಿರಂತರ ಕಲಿಕೆಯ) ಕಾರ್ಯಕ್ರಮಗಳಲ್ಲಿ ಪಾಲ್ಗೊಳ್ಳಬೇಕೆಂದು 2002ರ ವೃತ್ತಿ ನಡತೆಯ ನಿಯಮಾವಳಿ ಹೇಳುತ್ತದೆ. ನೋಂದಣಿ ನವೀಕರಿಸುವಾಗ ನಮ್ಮ ರಾಜ್ಯದ ವೈದ್ಯಕೀಯ ಪರಿಷತ್ತು ಆ ಗಂಟೆಗಳ ಲೆಕ್ಕವಾದ ಕ್ರೆಡಿಟ್‌ಗಳನ್ನು ಕೇಳುತ್ತದೆ. ಅವನ್ನು ನಾನು ತಪ್ಪದೆ ಪೂರೈಸಿದ್ದೇನೆ. ಆದರೆ ಬೆಳಗಾವಿಯಲ್ಲೋ ವಿಜಯಪುರದಲ್ಲೋ ಭಾನುವಾರ ಉಪನ್ಯಾಸ ಕೇಳಿ ಬಂದ ಮೇಲೆ ಸೋಮವಾರ ನಾನು ಬರೆಯುವ ಚೀಟಿ ಬದಲಾಯಿತೇ ಎಂದು ನೋಡುವವರು ಯಾರೂ ಇಲ್ಲ. ಕಾಲೇಜಿನಲ್ಲಿ ರೌಂಡ್ಸ್ ವೇಳೆ ಪ್ರಾಧ್ಯಾಪಕರು ಎಲ್ಲರೆದುರು ಪ್ರಶ್ನಿಸುತ್ತಿದ್ದರು. ಇಲ್ಲಿ ರೋಗಿಗಳು ಕೈಗುಣ ಚೆನ್ನಾಗಿದೆ ಎಂದು ಹೊಗಳಿ ಹೋಗುತ್ತಾರೆ. ತನ್ನ ತಿಳಿವಳಿಕೆ ಹಳತಾಗುತ್ತಿದೆಯೇ ಎಂಬುದನ್ನು ಒಬ್ಬಂಟಿ ವೈದ್ಯ ಅರಿಯುವುದು ಹೇಗೆ?

ಉತ್ತರ 1: ವಿಜಯಪುರ, ಮೆಡಿಸಿನ್ ವಿಭಾಗದ ಶಿಕ್ಷಕ

ಡಾಕ್ಟರೇ, ಒಬ್ಬನೇ ಕುಳಿತು ಅರಿಯುವುದು ಬಹಳ ಕಷ್ಟ. ಅನುಭವ ಹೆಚ್ಚಿದಂತೆ ಚಿಕಿತ್ಸೆಯ ಗುಣಮಟ್ಟವೂ ಹೆಚ್ಚುತ್ತದೆಂದು ನಾವೆಲ್ಲ ನಂಬಿರುತ್ತೇವೆ. ಆದರೆ 2005ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪರಾಮರ್ಶೆಯು ಈ ನಂಟನ್ನು ಅಳೆದ 62 ಮೌಲ್ಯಮಾಪನಗಳನ್ನು ಒಟ್ಟಿಗೆ ನೋಡಿದಾಗ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ವೃತ್ತಿಯ ವರ್ಷಗಳು ಏರಿದಂತೆ ಅಳೆದ ಎಲ್ಲ ಅಂಶಗಳಲ್ಲಿಯೂ ಗುಣಮಟ್ಟ ಇಳಿದದ್ದನ್ನು ತೋರಿಸಿದ್ದವು.

ನಮ್ಮ ಭಾಗದ್ದೇ ಉದಾಹರಣೆ ಕೊಡುತ್ತೇನೆ. ಹೊಲದಲ್ಲಿ ಕೊಳಕುಮಂಡಲ ಕಚ್ಚಿದವರನ್ನು ಇಂದಿಗೂ ಕಾಲಿಗೆ ಹಗ್ಗ ಬಿಗಿದು ತರುತ್ತಾರೆ. ಈ ಹಾವಿನ ವಿಷವೇರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದು ಹೆಪ್ಪುಗಟ್ಟುತ್ತಿದೆಯೇ ಎಂದು ನೋಡಲು 2 ಮಿ.ಲೀ. ರಕ್ತವನ್ನು ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು, ಒಮ್ಮೆ ಓರೆ ಮಾಡಿ ನೋಡಬೇಕು. ನಳಿಕೆ ಪ್ಲಾಸ್ಟಿಕ್‌ನದಾಗಿದ್ದರೆ, ಅಥವಾ ಅದನ್ನು ಸೋಪಿನ ಪುಡಿಯಿಂದ ತೊಳೆದಿದ್ದರೆ, ವಿಷವೇರದವರ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಹಾಗೆಯೇ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) ಕೊಡುವ ಮೊದಲು ಚರ್ಮಕ್ಕೆ ಟೆಸ್ಟ್ ಡೋಸ್ ಚುಚ್ಚಿ ಕಾಯುವ ಪದ್ಧತಿಯನ್ನು ಮಾರ್ಗಸೂಚಿಗಳು ಎಂದೋ ಕೈಬಿಟ್ಟಿವೆ. ಯಾರಿಗೆ ಅಲರ್ಜಿಯಾಗುತ್ತದೆಂಬುದನ್ನು ಅದು ತಿಳಿಸುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣದ ಎಎಸ್‌ವಿ ಬೇಕು, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ. ಇವುಗಳನ್ನು ಸಭಾಂಗಣದಲ್ಲಿ ಕೇಳಿದವರು ಅನೇಕರಿದ್ದಾರೆ. ಆದರೆ ತಮ್ಮ ದವಾಖಾನೆಯ ನಳಿಕೆಯನ್ನು ಯಾರು, ಯಾವುದರಿಂದ ತೊಳೆಯುತ್ತಾರೆಂದು ಹೋಗಿ ನೋಡಿದವರು ನನಗೆ ಹೆಚ್ಚು ಸಿಕ್ಕಿಲ್ಲ. ನಿಮ್ಮ ಪ್ರಶ್ನೆಯ ತಿರುಳು ಅಲ್ಲಿದೆ ಎಂದು ನನಗನಿಸುತ್ತದೆ.

ಉತ್ತರ 2: ಬೆಳಗಾವಿ, ಪ್ರಸೂತಿ ತಜ್ಞೆ

ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಹೊಸ ವಿದ್ಯೆ ದೊಡ್ಡ ಊರಿನಿಂದ ಹಳ್ಳಿಗೆ ಇಳಿದು ಬರಬೇಕೆಂಬ ಭಾವನೆಯೇ ನಮ್ಮನ್ನು ಕೇವಲ ಕೇಳುಗರನ್ನಾಗಿಸಿದೆ. ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ನೆರವಾಗುತ್ತದೆಂದು ತೋರಿಸಿ, 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ನಡೆದದ್ದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. 1620 ಮಹಿಳೆಯರು ಭಾಗವಹಿಸಿದ್ದ ಆ ಅಧ್ಯಯನದಲ್ಲಿ 600 ಮೈಕ್ರೋಗ್ರಾಂ ಮಾತ್ರೆ ನುಂಗಿದವರಲ್ಲಿ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು. ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ಹೋದ ರಕ್ತವನ್ನು ಅಳೆದವರು ಹಳ್ಳಿಗಳ ಆರೋಗ್ಯ ಸಹಾಯಕಿಯರಾದ ಎಎನ್‌ಎಂ ಸಿಸ್ಟರ್‌ಗಳು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಕಣ್ಣಂದಾಜಿಗೆ ಬಿಡದೆ ಅಳೆದು ಬರೆದಿಡುವ ಆ ಶಿಸ್ತನ್ನು ಸಿಸ್ಟರ್‌ಗಳು ಪಾಲಿಸಬಲ್ಲರಾದರೆ, ವೈದ್ಯರಾದ ನಮಗೂ ಅದು ಸಾಧ್ಯವಾಗಬೇಕು. ಅವರ ಜೊತೆ ಕುಳಿತು ಕಲಿಯಲು ನಮ್ಮಲ್ಲಿ ಕೆಲವರಿಗೆ ಇಂದಿಗೂ ಸಂಕೋಚವಿದೆ ಎಂಬುದು ನನ್ನನ್ನು ನೋಯಿಸುತ್ತದೆ.

ಉತ್ತರ 3: ಜಮಖಂಡಿ, ಮಕ್ಕಳ ವೈದ್ಯ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ವೈದ್ಯರ ಮನೋಭಾವವೊಂದನ್ನೇ ದೂರುವುದು ಸರಿಯಲ್ಲ. ಒಬ್ಬನೇ ಇರುವ ವೈದ್ಯ ದವಾಖಾನೆಗೆ ಬೀಗ ಹಾಕಿ ಊರು ಬಿಟ್ಟರೆ ಅಂದಿನ ರೋಗಿಗಳು ಎಲ್ಲಿಗೆ ಹೋಗಬೇಕು? ಎಷ್ಟೋ ಕಾರ್ಯಕ್ರಮಗಳ ಖರ್ಚನ್ನು ಔಷಧ ಕಂಪನಿಗಳೇ ಹೊರುವುದರಿಂದ, ವಿಷಯದ ಆಯ್ಕೆಯೂ ಅತ್ತಲೇ ವಾಲುತ್ತದೆ.

ನಾವು ಕೆಲವು ಸಹೋದ್ಯೋಗಿಗಳು ಇಲ್ಲಿ ಮಾಡುತ್ತಿರುವುದು ಇಷ್ಟು. ಆಗಾಗ ರಾತ್ರಿ ಓಪಿಡಿ ಮುಗಿದ ಮೇಲೆ ಸೇರಿ, ರೋಗಿಗಳ ಹೆಸರು ಮುಚ್ಚಿ, ಒಬ್ಬರ ರಿಜಿಸ್ಟರನ್ನು ಇನ್ನೊಬ್ಬರು ಓದುತ್ತೇವೆ. ಒಮ್ಮೆ ಮಕ್ಕಳ ವಾಂತಿಭೇದಿಯನ್ನು ಮಾತ್ರ ತೆಗೆದುಕೊಂಡೆವು: ಮಲದಲ್ಲಿ ರಕ್ತವಿಲ್ಲದಿದ್ದರೂ ಆಂಟಿಬಯಾಟಿಕ್ ಎಷ್ಟು ಮಕ್ಕಳಿಗೆ ಹೋಗಿದೆ, ಓಆರ್‌ಎಸ್ ಜೊತೆ 14 ದಿನಗಳ ಜಿಂಕ್ ಎಷ್ಟು ಮಕ್ಕಳಿಗೆ ಬರೆದಿದೆ ಎಂದು ಎಣಿಸಿದೆವು. ಎದುರಿಗೆ ಕುಳಿತ ಸ್ನೇಹಿತರು "ಇದನ್ನು ಯಾಕೆ ಕೊಟ್ಟಿರಿ?" ಎಂದು ಕೇಳಿದಾಗ ಕಾರಣ ಹೇಳಲೇಬೇಕಾಗುತ್ತದೆ. ಬ್ರಿಟನ್ನಿನಲ್ಲಿ 2012ರ ಕೊನೆಯಿಂದ ವೈದ್ಯರಿಗೆ ಐದು ವರ್ಷಕ್ಕೊಮ್ಮೆ ಮರುಮಾನ್ಯತೆ (ವೃತ್ತಿ ಮುಂದುವರಿಸಲು ಅರ್ಹರೆಂದು ಮತ್ತೆ ಖಚಿತಪಡಿಸುವುದು) ಕಡ್ಡಾಯವಾಗಿದ್ದು, ಅಲ್ಲಿ ಸಹೋದ್ಯೋಗಿಗಳ ಮತ್ತು ರೋಗಿಗಳ ಅಭಿಪ್ರಾಯವನ್ನೂ ಪರಿಗಣಿಸುತ್ತಾರೆ. ನಮ್ಮ ಪರಿಷತ್ತು ಅಷ್ಟು ದೂರ ಹೋಗದಿದ್ದರೂ, ಇಂಥ ರಿಜಿಸ್ಟರ್ ಓದಿಗೆ ಕ್ರೆಡಿಟ್ ಗಂಟೆ ಕೊಡಬೇಕೆಂದು ನಾವೆಲ್ಲ ಸೇರಿ ಕೇಳಬಹುದು. ಮುಧೋಳದ ಡಾಕ್ಟರು ಮುಂದಿನ ಸಲ ತಮ್ಮ ರಿಜಿಸ್ಟರ್ ತೆಗೆದುಕೊಂಡು ಬರಲಿ. ಜಮಖಂಡಿ ಅವರಿಗೇನೂ ದೂರವಲ್ಲ.