ಕೋವಿ ಠಾಣೆಯಲ್ಲಿ, ಮಂಗ ತೋಟದಲ್ಲಿ

"ಕೋವಿ ಕಾನೂನು ಇನ್ನೂ ಬಿಗಿ ಆಗ್ಬೇಕು ಕಣ್ರಯ್ಯ," ಅಂದರು ಮೇಷ್ಟ್ರು, ಪೇಪರು ಮಡಚುತ್ತ. "ಅಮೆರಿಕದಲ್ಲಿ ಮತ್ತೆ ಶಾಲೆಗೆ ನುಗ್ಗಿ ಹೊಡೆದಿದ್ದಾರೆ."

"ಅಲ್ಲಿ ಹೊಡೆದ್ರೆ ಇಲ್ಲಿ ಯಾಕೆ ಬಿಗಿ?" ಅಂದ ಶೀನಣ್ಣ. "ನನ್ನ ಒಂಟಿ ನಳಿಗೆಯ ಕೋವಿ ಆಗ್ಲೇ ಠಾಣೆ ಗೋಡೆಗೆ ಒರಗಿಕೊಂಡು ತುಕ್ಕು ಹಿಡೀತಾ ಇದೆ. ಅದನ್ನ ಇನ್ನೆಂತ ಬಿಗಿ ಮಾಡ್ತೀರಿ, ಬೇಡಿ ಹಾಕ್ತೀರಾ?"

"ಚುನಾವಣೆ ಬಂತಲ್ಲ, ಅದಕ್ಕೆ."

"ಬಂತು. ನೀತಿಸಂಹಿತೆ ಜಾರಿಯಾದ ಮಾರನೇ ದಿನವೇ ಫೋನು, ಕೋವಿ ತಂದಿಡಿ ಅಂತ. ಆಯೋಗದ ಸೂಚನೆ ಓದಿದ್ರೆ ಹಾಗಿಲ್ಲ. ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬನ ಜಾತಕ ನೋಡ್ಬೇಕು, ಜಾಮೀನಿನ ಮೇಲೆ ಇರೋನು, ಗಲಾಟೆ ಕೇಸಿನೋನು, ಅಂಥವ್ರದ್ದು ಇಡಿಸ್ಕೋಬೇಕು. ಅಷ್ಟೆಲ್ಲ ನೋಡೋಕೆ ಯಾರಿಗೆ ಪುರುಸೊತ್ತು? ಎಲ್ಲರದ್ದೂ ಇಡಿ ಅಂದ್ರೆ ಮುಗೀತು. ನಾನು ಇಟ್ಟು ರಸೀದಿ ತಗೊಂಡು ಮನೆಗೆ ಬರೋ ಹೊತ್ತಿಗೆ ಮಂಗಗಳಿಗೂ ಸುದ್ದಿ ಹೋಗಿತ್ತು. ಬಾಳೆಗೊನೆ ಖಾಲಿ, ಏಲಕ್ಕಿ ಸುಳಿ ಖಾಲಿ. ಮೇಲಕ್ಕೊಂದು ಈಡು ಹೊಡೆದು ಹೆದರಿಸೋಣ ಅಂದ್ರೆ ಕೈಯಲ್ಲಿ ರಸೀದಿ ಮಾತ್ರ."

"ರಸೀದಿ ತೋರಿಸ್ಬೇಕಿತ್ತು," ಅಂದ ವಿಶ್ವ.

"ತೋರಿಸ್ದೆ. ಸೀಲು ಸರಿ ಇದೆಯಾ ಅಂತ ನೋಡಿ ಗೊನೆಗೆ ಕೈ ಹಾಕಿದ್ವು. ಪಂಚಾಯ್ತಿ ಚುನಾವಣೆ, ವಿಧಾನಸಭೆ, ಲೋಕಸಭೆ, ನಡುವೆ ಒಂದು ಉಪಚುನಾವಣೆ. ಒಂದು ದೇಶ ಒಂದು ಚುನಾವಣೆ ಬಂದ್ರೆ ಹೆಚ್ಚು ನಷ್ಟ ಮಂಗಗಳಿಗೇ. ಅವು ವಿರೋಧಿಸ್ತವೆ, ನೋಡ್ತಿರು."

ರಜೆಗೆ ಬಂದಿದ್ದ ರಾಘುಗೆ ಮಾತು ತಡೆಯಲಿಲ್ಲ. "ನಮ್ಮ ಟೆಕ್ಸಾಸಲ್ಲಿ ಈ ಗೋಳೇ ಇಲ್ಲ. 2021ರಿಂದ 21 ದಾಟಿದವರು, ಕ್ರಿಮಿನಲ್ ಕೇಸು ಗೀಸು ಇಲ್ಲದಿದ್ರೆ, ಪರ್ಮಿಟ್ಟೇ ಇಲ್ದೆ ಪಿಸ್ತೂಲು ಸೊಂಟಕ್ಕೆ ಕಟ್ಕೊಂಡು ತಿರುಗಬಹುದು."

"ತಿರುಗ್ತೀಯಾ?"

"ಇಲ್ಲಪ್ಪ, ಹೆದರಿಕೆ."

"ಅಲ್ಲಿ ಜನಕ್ಕಿಂತ ಬಂದೂಕೇ ಜಾಸ್ತಿ. ಒಂದು ಮ್ಯಾಗಝೀನಿಗೆ 30 ಗುಂಡು. ಅದೇ ಕಣ್ಣಲ್ಲಿ ಇಲ್ಲಿಯ ಕೇಪಿನ ಕೋವಿ ನೋಡ್ತೀರಿ," ಅಂದ ಶೀನಣ್ಣ. "ನಳಿಗೆಗೆ ಮೊದಲು ಮದ್ದು ಸುರೀಬೇಕು. ಅದರ ಮೇಲೆ ತೆಂಗಿನ ಕತ್ತದ ಉಂಡೆ ಇಟ್ಟು ಗಜದ ಸಲಾಕೆ ಹಾಕಿ ಜಡೀಬೇಕು. ಆಮೇಲೆ ಚರೆ, ಅಂದ್ರೆ ಸೀಸದ ಸಣ್ಣ ಗುಂಡು, ಮತ್ತೆ ಕತ್ತ, ಮತ್ತೆ ಗಜ. ಕೊನೆಗೆ ಕುದುರೆ, ಅಂದ್ರೆ ಬಡಿಯೋ ಕೊಕ್ಕೆ, ಎತ್ತಿ ಅದರಡಿಗೆ ಕಿಡಿ ಹಾರಿಸೋ ಕೇಪು. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದಿದ್ರೆ ಕೇಪು ಟಪ್ ಅಂದು ಸುಮ್ಮನಾಗುತ್ತೆ. ಆಗ ನಳಿಗೆಗೆ ಮುಖ ಕೊಟ್ಟು ನೋಡಿದವ ಕೆಟ್ಟ, ಒಂದೊಂದ್ಸಲ ಮದ್ದು ತಡವಾಗಿ ಹೊತ್ತುತ್ತೆ. ಹಾರಿಲ್ಲ ಅನ್ನೋದು ಮರೆತು ಅದರ ಮೇಲೇ ಇನ್ನೊಂದು ಸಲ ತುಂಬಿದವನ ನಳಿಗೆ ಸೀಳುತ್ತೆ. ಇಂಥದ್ರಲ್ಲಿ ಮತಗಟ್ಟೆ ವಶ ಮಾಡ್ಕೋಬೇಕು ಅಂದ್ರೆ ಎದುರಿನವರು ಸ್ವಲ್ಪ ಹೊತ್ತು ಕಾದು ಸಹಕರಿಸ್ಬೇಕು."

"ನನಗೆ ಕೇಪು ಗೀಪು ಬೇಡ," ಅಂದ ವಿಶ್ವ. ಸೈಟು ವ್ಯಾಪಾರ ಕುದುರಿದ ಮೇಲೆ ಅವನಿಗೆ ಕತ್ತಿಗೊಂದು ಸರ ಆಯ್ತು, ಕೈಗೊಂದು ಕಡಗ ಆಯ್ತು, ಸೊಂಟ ಒಂದು ಬರಿದಾಗಿತ್ತು. "ಕಾನ್ಪುರದ .32 ರಿವಾಲ್ವರ್ ಮಾಡಿಸ್ತೀನಿ. ಈಗ ನಮ್ಮ ಫೀಲ್ಡಲ್ಲಿ ಎಲ್ಲರ ಹತ್ರ ಇದೆ. ಡಿಪಿಗೆ ಹಾಕಿದ್ರೆ ಪಾರ್ಟಿ ಮಾತಾಡೋ ಧಾಟಿಯೇ ಬೇರೆ."

(ಕೋವಿ ಬೇಕಾದವನಿಗೆ ತೋಟ ಇರುತ್ತೆ. ರಿವಾಲ್ವರ್ ಬೇಕು ಅನ್ನೋನಿಗೆ ಮೊದಲು ಇರೋದು ಫೋಟೋಗ್ರಾಫರ್.)

"ಮಾಡಿಸು," ಅಂದ ಶೀನಣ್ಣ. "ಫಾರಂ ಎ-1 ತುಂಬಿ ಡಿಸಿ ಆಫೀಸಿಗೆ ಕೊಡು. ವಯಸ್ಸು 21 ಆಗಿರ್ಬೇಕು, ಅದು ಆಗಿದೆ, ಬುದ್ಧಿದು ಕೇಳಲ್ಲ. ಪೊಲೀಸ್ ವರದಿ 30 ದಿನದಲ್ಲಿ ಬರ್ಬೇಕು ಅಂತ ನಿಯಮ ಇದೆ, ನಿಯಮ ಅಂದ್ನಲ್ಲ, ಅಷ್ಟೇ. ಕೋವಿ ಹಿಡಿಯೋ ತರಬೇತಿ ಸರ್ಟಿಫಿಕೇಟು, ದೇಹ-ಮನಸ್ಸು ಸರಿ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟು, ಮನೇಲಿ ಬೀಗ ಹಾಕಿ ಇಡೋ ಜಾಗ. ಲೈಸೆನ್ಸ್ ಸಿಕ್ಕಿದ್ರೆ 5 ವರ್ಷ, ಆಮೇಲೆ ನವೀಕರಣ. ಮೊದಲು ಒಬ್ಬ 3 ಇಟ್ಕೋಬಹುದಿತ್ತು, 2019ರ ತಿದ್ದುಪಡಿ ಅದನ್ನ 2ಕ್ಕೆ ಇಳಿಸ್ತು. ಮದುವೆ ಮನೇಲಿ ಶೋಕಿಗೆ ಹಾರಿಸಿದ್ರೆ 2 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಗ್ರಹಚಾರ ಕೆಟ್ರೆ ಎರಡೂ. ಯಾಕೆ ಬೇಕು ಅಂತ ಕೇಳೋ ಕಡೆ ಎಂತ ಬರೀತೀಯ?"

"ಜೀವಬೆದರಿಕೆ."

"ಯಾರಿಂದ? ನಿನ್ನ ಹತ್ರ ಸೈಟು ತಗೊಂಡವ್ರಿಂದನಾ? ಹಾಗಾದ್ರೆ ಧೈರ್ಯವಾಗಿ ಬರಿ, ನಂಬ್ತಾರೆ."

ಬೋಪಣ್ಣ ಮೀಸೆಯಲ್ಲೇ ನಕ್ಕ. "ನಮ್ಮ ಕೊಡಗಲ್ಲಿ ಇಷ್ಟೆಲ್ಲ ಇಲ್ಲ ಮಾರಾಯ. 1861ರಿಂದ ವಿನಾಯಿತಿ. ಕೊಡವರಿಗೂ ಜಮ್ಮಾ, ಅಂದ್ರೆ ವಂಶಪಾರಂಪರ್ಯದ ಜಮೀನು, ಹಿಡುವಳಿಯವರಿಗೂ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಸಾಕು. ಹೈಕೋರ್ಟು 2021ರಲ್ಲಿ ಸರಿ ಅಂದಿದೆ, 2029ರ ತನಕ ಚಿಂತೆಯಿಲ್ಲ. ನಮ್ಮ ಆಯುಧಪೂಜೆ ಕೈಲ್ ಪೊಳ್ದ್‌ಗೆ ಕೋವಿ ತೊಳೆದು, ನಳಿಗೆಗೆ ತೋಕ್ ಪೂ, ಅಂದ್ರೆ ಕೋವಿ ಹೂವು, ಸಿಕ್ಕಿಸಿ ಪೂಜೆ. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯೋ ಮುಂಚೆ ಒಂದು ಈಡು."

"ಮೇಷ್ಟ್ರ ಲೆಕ್ಕದಲ್ಲಿ ನಿಮ್ಮೂರಲ್ಲಿ ದಿನಾ ಹೆಣ ಬೀಳ್ಬೇಕಿತ್ತು," ಅಂದ ವಿಶ್ವ, ಉತ್ಸಾಹದಿಂದ.

"ದಿನಾ ಬೀಳಲ್ಲ. ಬೀಳೋದೇ ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ? ಆಸ್ತಿ ಪಾಲು, ಅಣ್ಣತಮ್ಮಂದಿರ ಜಗಳ, ಒಳಗೆ ಎರಡು ಪೆಗ್ಗು. ಕೈಗೆ ಕತ್ತಿ ಸಿಕ್ಕಿದ್ರೆ ಬಿಡಿಸೋಕೆ ಒಬ್ಬರಾದ್ರೂ ಓಡಿ ಬರ್ತಾರೆ, ಕೋವಿ ಸಿಕ್ಕಿದ್ರೆ ಬರೋಷ್ಟರಲ್ಲಿ ಮುಗಿದಿರುತ್ತೆ."

"ಅದನ್ನೇ ನಾನು ಹೇಳಿದ್ದು!" ಮೇಷ್ಟ್ರು ಕುರ್ಚಿ ಎಳೆದುಕೊಂಡರು. "ಆಸ್ಟ್ರೇಲಿಯಾ ನೋಡಿ. 1996ರಲ್ಲಿ ಪೋರ್ಟ್ ಆರ್ಥರಲ್ಲಿ ಒಬ್ಬನೇ 35 ಜನರನ್ನ ಕೊಂದ. ಸರ್ಕಾರ ದುಡ್ಡು ಕೊಟ್ಟು ಸುಮಾರು ಆರೂವರೆ ಲಕ್ಷ ಬಂದೂಕು ವಾಪಸ್ ತಗೊಂತು. ಆಮೇಲೆ ಎಷ್ಟೋ ವರ್ಷ ಅಂಥದ್ದು ಆಗ್ಲಿಲ್ಲ."

"ಸರಿ ಮೇಷ್ಟ್ರೇ, ಒಪ್ದೆ. ಅಲ್ಲಿ ಕೊಂದಿದ್ದು ಅಂಗಡೀಲಿ ಮಾರೋ ಜಾತಿಯ ಬಂದೂಕು, ಅದನ್ನ ಹಿಡಿದ್ರು, ಕೆಲಸ ಆಯ್ತು. ನಮ್ಮಲ್ಲಿ ಕೊಲ್ಲೋದು ನಂಬರೇ ಇಲ್ಲದ ಕಳ್ಳ ಪಿಸ್ತೂಲು. ಬಿಹಾರದ ಮುಂಗೇರದಲ್ಲಿ ಹಿತ್ತಲ ಕೊಟ್ಟಿಗೇಲಿ ಅರ ಹಾಕಿ ಉಜ್ಜಿದ್ದು. ಅದು ಯಾವ ಚುನಾವಣೆಗೂ ಠಾಣೆಗೆ ಬರಲ್ಲ." ಶೀನಣ್ಣ ಲೋಟ ಕೆಳಗಿಟ್ಟ. "2015ರ ಆಗಸ್ಟ್ 30, ಧಾರವಾಡದ ಕಲ್ಯಾಣನಗರ, ಕಲಬುರ್ಗಿಯವರ ಮನೆ ಬಾಗಿಲು. 2017ರ ಸೆಪ್ಟೆಂಬರ್ 5, ಗೌರಿ ಲಂಕೇಶ್ ಅವರ ಮನೆ ಗೇಟು. ಎರಡೂ ಕಡೆ 7.65 ಎಂಎಂ ನಾಡ ಪಿಸ್ತೂಲು, ಎರಡಲ್ಲ ಒಂದೇ ಅಂತ ಫೊರೆನ್ಸಿಕ್ಕಿನವರು ಹೇಳಿದ್ರು. ಅದಕ್ಕೆ ಯಾವ ಡಿಸಿ ಸಹಿ ಹಾಕಿದ್ರು?"

ಹೋಟೆಲಿನ ಭಟ್ಟರು ಕೇಳದೆಯೇ ಇನ್ನೊಂದು ಸುತ್ತು ಕಾಫಿ ತಂದಿಟ್ಟರು.

"ಮತ್ತೆ ಬಿಗಿಯೇ ಬೇಡ ಅಂತೀಯ?" ಮೇಷ್ಟ್ರ ದನಿ ಸಣ್ಣದಾಗಿತ್ತು.

"ಬೇಡ ಅಂದವ್ರು ಯಾರು? ಎಲ್ಲಿ ಅಂತ ನೋಡಿ ಬಿಗಿ ಮಾಡಿ ಅಂದೆ. ಹಂದಿ ಬೇಟೆ ನಿಷೇಧ, ಆದ್ರೂ ಹೋಗ್ತಾರೆ. ರಾತ್ರಿ, ತಲೆಗೆ ಬ್ಯಾಟರಿ, ಮೈಮೇಲೆ ಕಪ್ಪು ಕಂಬಳಿ. ಕೂತ್ಕೋ ಅಂದ ಜಾಗ ಬಿಟ್ಟು ಒಬ್ಬ ಎದ್ದು ಬರ್ತಾನೆ, ಪೊದೆ ಅಲ್ಲಾಡುತ್ತೆ, ಇವನು ಹಂದಿ ಅಂತ ಈಡು ಹೊಡೀತಾನೆ. ಆಸ್ಪತ್ರೆಗೆ ಒಯ್ದ್ರೆ ಕೇಸಾಗುತ್ತೆ ಅಂತ ಯೋಚನೆ ಮಾಡೋಷ್ಟರಲ್ಲಿ ರಕ್ತ ಹೋಗಿರುತ್ತೆ. ಇನ್ನು ಅಮೆರಿಕದ್ದು ಕೇಳ್ತೀಯಾ ರಾಘು? ಅಲ್ಲಿ ಬಂದೂಕಿಂದ ಸಾಯೋರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮಗೆ ತಾವೇ ಹೊಡ್ಕೊಂಡೋರು. ಇಲ್ಲೂ ಮಕ್ಕಳೆಲ್ಲ ಬೆಂಗಳೂರು ಸೇರಿ, ಹೆಂಡತಿ ತೀರ್ಕೊಂಡು, ಒಬ್ಬರೇ ಉಳಿದ ಯಜಮಾನ್ರ ಮನೇಲಿ ಕೋವಿ ಒಂದು ಮೂಲೆ, ಗುಂಡಿನ ತೋಟಾ ಇನ್ನೊಂದು ಕಪಾಟು, ಬೀಗದಕೈ ಪಕ್ಕದ ಮನೇಲಿ ಇರೋದು ಒಳ್ಳೇದು. ಇದನ್ನ ಯಾವ ನೀತಿಸಂಹಿತೆಯಲ್ಲೂ ಬರೆದಿಲ್ಲ. ಪಕ್ಕದ ಮನೇಲೂ ಈಗ ಜನ ಇಲ್ಲ, ಅದು ಬೇರೆ ಮಾತು."

ಬೋಪಣ್ಣ ಕಾಫಿ ಆರಿಸುತ್ತಲೇ ಕೂತ. ವಿಶ್ವನೊಬ್ಬ ಮೊಬೈಲಿನಲ್ಲಿ ಏನೋ ಟೈಪು ಮಾಡುತ್ತಿದ್ದ.

"ಶೀನಣ್ಣ, ಆ ಡಾಕ್ಟರ್ ಸರ್ಟಿಫಿಕೇಟು, ದೇಹದ್ದೂ ಬೇಕು ಮನಸ್ಸಿಂದೂ ಬೇಕು ಅಂದ್ಯಲ್ಲ?"

"ಹೌದು. ದೇಹದ್ದು ಇವತ್ತೇ ಸಿಗುತ್ತೆ."

"ಎಲ್ಲ ಆಗಿ ರಿವಾಲ್ವರ್ ಕೈಗೆ ಬಂದ್ಮೇಲೆ, ಹಿಡ್ಕೊಂಡು ಒಂದು ರೀಲ್ಸ್ ಹಾಕಬಹುದಲ್ಲ?"

"ಹಾಕು ಮಾರಾಯ. ಮೊದಲ ಲೈಕು ಠಾಣೆಯಿಂದ್ಲೇ ಬರುತ್ತೆ. ಕಮೆಂಟು ಕೊಡೋಕೆ ಮಾತ್ರ ಮನೆಗೇ ಬರ್ತಾರೆ."